ಮೊದಲು ಶಾಲೆ ಹುಡುಕಿ, ಆಮೇಲೆ ಸ್ಕಾಲರ್‌ಶಿಪ್: ಅಮೆರಿಕದ ಹಳ್ಳಿಗಳಲ್ಲಿ ಗಣಿತ, ವಿಜ್ಞಾನ ಕಲಿಸಲು ಹೊರಟವರಿಗೆ

ಅಮೆರಿಕದಲ್ಲಿ ಓದುತ್ತಿರುವ ಮಗಳು ಒಂದು ದಿನ ಫೋನ್ ಮಾಡಿ ‘ಅಮ್ಮಾ, ಫಿಸಿಕ್ಸ್ ಮುಗಿಸಿ ನಾನು ಟೀಚರ್ ಆಗ್ತೀನಿ, ಅದೂ ಹಳ್ಳಿ ಶಾಲೆಯಲ್ಲಿ’ ಅಂದರೆ ಮನೆಯಲ್ಲಿ ಮೊದಲು ಏಳುವುದು ದುಡ್ಡಿನ ಪ್ರಶ್ನೆ. ಕಾಲೇಜಿನ ಖರ್ಚು ಅಷ್ಟೊಂದಿದೆ, ಟೀಚರ್ ಸಂಬಳದಲ್ಲಿ ಸಾಲ ತೀರುತ್ತದಾ? ಕೇಳಬೇಕಾದ ಪ್ರಶ್ನೆಯೇ. ಆದರೆ ಇಂಥವರಿಗಾಗಿಯೇ ಅಲ್ಲಿನ ಕೇಂದ್ರ ಸರ್ಕಾರದ ಎರಡು ಯೋಜನೆಗಳಿವೆ. ಒಂದು ರಾಬರ್ಟ್ ನಾಯ್ಸ್ ಟೀಚರ್ ಸ್ಕಾಲರ್‌ಶಿಪ್, ಇನ್ನೊಂದು ಟೀಚ್ ಗ್ರ್ಯಾಂಟ್.

ಎರಡರಲ್ಲೂ ದುಡ್ಡಿನ ಜೊತೆ ಒಂದು ಕರಾರು ಬರುತ್ತದೆ. ಇಷ್ಟು ವರ್ಷ, ಇಂಥ ಶಾಲೆಯಲ್ಲಿ ಕಲಿಸುತ್ತೇನೆ ಅಂತ ಸಹಿ ಹಾಕಬೇಕು. ಕಲಿಸದಿದ್ದರೆ ಕೊಟ್ಟ ದುಡ್ಡು ಸಾಲವಾಗಿ ತಲೆಯ ಮೇಲೆ ಕೂರುತ್ತದೆ. ಅದಕ್ಕೇ ನಾನು ಹೇಳುವ ಕ್ರಮ ಸ್ವಲ್ಪ ಬೇರೆ. ಎಲ್ಲರೂ ಮೊದಲು ಅರ್ಜಿ ತುಂಬುತ್ತಾರೆ, ಆಮೇಲೆ ಕಾಲೇಜು ಮುಗಿಯುವ ಹೊತ್ತಿಗೆ ಶಾಲೆ ಹುಡುಕುತ್ತಾರೆ. ನೀವು ಶಾಲೆಯಿಂದ ಶುರು ಮಾಡಿ, ಹಿಂದಕ್ಕೆ ಬನ್ನಿ.

ಅದಕ್ಕೂ ಮೊದಲು, ಅರ್ಹತೆ ಇದೆಯಾ?

ಇದನ್ನು ಎರಡು ನಿಮಿಷದಲ್ಲಿ ಮುಗಿಸಬಹುದು. ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರಬೇಕು. ಎಫ್-1 ವೀಸಾದಲ್ಲಿ ಓದಲು ಹೋದವರಿಗೆ, ಎಚ್-4 ವೀಸಾದಲ್ಲಿ ಅಪ್ಪ ಅಮ್ಮನ ಜೊತೆ ಇರುವವರಿಗೆ ಇವೆರಡೂ ಸಿಗುವುದಿಲ್ಲ. ಎಷ್ಟೋ ಮಕ್ಕಳು ಇದು ಗೊತ್ತಿಲ್ಲದೆ ಎಸ್ಸೇ ಎಲ್ಲ ಬರೆದು ಆಮೇಲೆ ಬೇಜಾರು ಮಾಡಿಕೊಳ್ಳುತ್ತಾರೆ, ಹಾಗಾಗಬಾರದು.

ನಾಯ್ಸ್ ಸ್ಕಾಲರ್‌ಶಿಪ್‌ಗೆ ಗಣಿತ, ವಿಜ್ಞಾನ, ಎಂಜಿನಿಯರಿಂಗ್, ಇಂಥ ವಿಷಯದಲ್ಲಿ ಮೇಜರ್ ಮಾಡುತ್ತಿರಬೇಕು. ಸಾಮಾನ್ಯವಾಗಿ ಮೂರನೇ, ನಾಲ್ಕನೇ ವರ್ಷದವರಿಗೆ ಕೊಡುತ್ತಾರೆ. ಡಿಗ್ರಿ ಮುಗಿಸಿ ಟೀಚರ್ ತರಬೇತಿಗೆ ಬಂದವರಿಗೂ ದಾರಿ ಇದೆ. ಟೀಚ್ ಗ್ರ್ಯಾಂಟ್‌ಗೆ ಅಂಕ ನೋಡುತ್ತಾರೆ: ಜಿಪಿಎ, ಅಂದರೆ 4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ, 3.25 ಇರಬೇಕು, ಇಲ್ಲವೇ ಪ್ರವೇಶ ಪರೀಕ್ಷೆಯ ಯಾವುದಾದರೂ ಒಂದು ಭಾಗದಲ್ಲಿ 75ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು. ಮನೆಯ ಆದಾಯ ಜಾಸ್ತಿ ಇದ್ದರೂ ಟೀಚ್ ಗ್ರ್ಯಾಂಟ್ ಸಿಗುತ್ತದೆ, ಆದರೆ ಫಾಫ್ಸಾ, ಅಂದರೆ ಓದಿಗೆ ಕೇಂದ್ರ ಸರ್ಕಾರದ ಹಣಸಹಾಯ ಕೇಳುವ ಅರ್ಜಿ, ತುಂಬುವುದು ಮಾತ್ರ ಕಡ್ಡಾಯ.

ಈಗ ಶಾಲೆ

ಎಲ್ಲರೂ ಎಡವುವುದು ಇಲ್ಲೇ. ‘ಹಳ್ಳಿ ಶಾಲೆ’ ಅಂದ ಮಾತ್ರಕ್ಕೆ ಅದು ಈ ಯೋಜನೆಗಳ ಲೆಕ್ಕಕ್ಕೆ ಬರುವುದಿಲ್ಲ. ಎರಡು ಯೋಜನೆಗಳ ಅಳತೆಗೋಲೂ ಬೇರೆ ಬೇರೆ.

ಟೀಚ್ ಗ್ರ್ಯಾಂಟ್ ನೋಡುವುದು ಕಡಿಮೆ ಆದಾಯದವರ ಶಾಲೆಯಾ ಅಂತ. ಶಾಲೆಯ ಮಕ್ಕಳಲ್ಲಿ ಶೇ 30ಕ್ಕಿಂತ ಹೆಚ್ಚು ಮಂದಿ ಬಡ ಕುಟುಂಬದವರಾಗಿದ್ದು, ಆ ಶಾಲೆಯ ಹೆಸರು ಸರ್ಕಾರದ ‘ಟೀಚರ್ ಕ್ಯಾನ್ಸಲೇಷನ್ ಲೋ ಇನ್‌ಕಮ್ ಡೈರೆಕ್ಟರಿ’ಯಲ್ಲಿ ಇರಬೇಕು. ಇದು ಆನ್‌ಲೈನ್‌ನಲ್ಲೇ ಸಿಗುತ್ತದೆ. ರಾಜ್ಯ, ವರ್ಷ ಆರಿಸಿದರೆ ಪಟ್ಟಿ ಬರುತ್ತದೆ. ನೀವು ಕೆಲಸಕ್ಕೆ ಸೇರಿದ ವರ್ಷ ಹೆಸರು ಇದ್ದರೆ ಸಾಕು, ಮುಂದೆ ಪಟ್ಟಿಯಿಂದ ಬಿಟ್ಟುಹೋದರೂ ಅದೇ ಶಾಲೆಯಲ್ಲಿ ನೀವು ಮುಂದುವರಿಸಿದ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಸೇರಿದ ದಿನವೇ ಆ ಪುಟವನ್ನು ಪ್ರಿಂಟ್ ಮಾಡಿ ಇಟ್ಟುಕೊಳ್ಳಿ.

ನಾಯ್ಸ್ ನೋಡುವುದು ಇಡೀ ಸ್ಕೂಲ್ ಡಿಸ್ಟ್ರಿಕ್ಟನ್ನು, ಅಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ಒಟ್ಟಾಗಿ ನಡೆಸುವ ಸ್ಥಳೀಯ ಆಡಳಿತವನ್ನು. ಅದು ‘ಹೈ ನೀಡ್’ ಅನ್ನಿಸಿಕೊಳ್ಳಬೇಕು. ಅಂದರೆ ಬಡ ಮಕ್ಕಳು ಹೆಚ್ಚಿರುವ ಶಾಲೆ ಅದರಲ್ಲಿರಬೇಕು, ಅಥವಾ ತಾವು ಕಲಿಸುವ ವಿಷಯವನ್ನೇ ಓದಿರದ ಟೀಚರ್‌ಗಳು ಜಾಸ್ತಿ ಇರಬೇಕು, ಅಥವಾ ಟೀಚರ್‌ಗಳು ನಿಲ್ಲದೆ ಬಿಟ್ಟುಹೋಗುತ್ತಿರಬೇಕು. ಇವು ಪಟ್ಟಣದಲ್ಲೂ ಇವೆ, ಹಳ್ಳಿಯಲ್ಲೂ ಇವೆ.

ಊರು ಎಷ್ಟು ದೂರ ಅಂತ ತಿಳಿಯಲು ಇನ್ನೊಂದು ದಾರಿ ಇದೆ. ಎನ್‌ಸಿಇಎಸ್ ಅನ್ನುವ ಸರ್ಕಾರಿ ಅಂಕಿಅಂಶ ಕೇಂದ್ರ ಪ್ರತಿ ಶಾಲೆಗೂ ಒಂದು ಗುರುತು ಕೊಟ್ಟಿರುತ್ತದೆ. ಗ್ರಾಮೀಣ ಶಾಲೆಗಳಲ್ಲೇ ಮೂರು ಬಗೆ: ಫ್ರಿಂಜ್, ಡಿಸ್ಟಂಟ್, ರಿಮೋಟ್. ದೊಡ್ಡ ನಗರ ಪ್ರದೇಶದಿಂದ 25 ಮೈಲಿಗಿಂತ ಆಚೆ, ಸಣ್ಣ ಪಟ್ಟಣದಿಂದಲೂ 10 ಮೈಲಿಗಿಂತ ಆಚೆ ಇದ್ದರೆ ರಿಮೋಟ್. ಫ್ರಿಂಜ್ ಊರಾದರೆ ಪೇಟೆಯಲ್ಲಿ ಮನೆ ಮಾಡಿಕೊಂಡು ಓಡಾಡಬಹುದು. ರಿಮೋಟ್ ಅಂದರೆ ಆ ಊರಲ್ಲೇ ಬದುಕಬೇಕು. ಮೊಂಟಾನಾ, ಅಲಾಸ್ಕದಂಥ ಕಡೆ ಕೆಲವು ಡಿಸ್ಟ್ರಿಕ್ಟ್‌ಗಳು ಟೀಚರ್‌ಗಳಿಗೆ ಇರಲು ಮನೆಯನ್ನೂ ಕೊಡುತ್ತವೆ.

ಹೀಗೆ ಹುಡುಕಿ ನಾಲ್ಕೈದು ಶಾಲೆ ಆರಿಸಿಕೊಂಡ ಮೇಲೆ ಒಂದು ಕೆಲಸ ಮಾಡಿ. ಅಲ್ಲಿಗೆ ಇಮೇಲ್ ಬರೆಯಿರಿ. ಒಂದು ವಾರ ಬಂದು ತರಗತಿಯಲ್ಲಿ ಕೂರಬಹುದಾ ಅಂತ ಕೇಳಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಯಾಕೆಂದರೆ ಚಿಕ್ಕ ಶಾಲೆಯಲ್ಲಿ ವಿಜ್ಞಾನಕ್ಕೆ ಒಬ್ಬರೇ ಟೀಚರ್ ಇರುವುದುಂಟು. ಬೆಳಿಗ್ಗೆ ಬಯಾಲಜಿ, ಆಮೇಲೆ ಕೆಮಿಸ್ಟ್ರಿ, ಮಧ್ಯಾಹ್ನ ಎಂಟನೇ ತರಗತಿಯ ವಿಜ್ಞಾನ, ಸಂಜೆ ಆಟದ ತಂಡ, ಎಲ್ಲ ಅವರದೇ. ಪಕ್ಕದ ಕೋಣೆಗೆ ಹೋಗಿ ‘ಈ ಪಾಠ ನೀವು ಹೇಗೆ ಮಾಡ್ತೀರಿ’ ಅಂತ ಕೇಳೋಣ ಅಂದರೆ ಅದೇ ವಿಷಯದವರು ಇನ್ನೊಬ್ಬರು ಇರುವುದಿಲ್ಲ. ಇದು ಒಬ್ಬರಿಗೆ ಹಬ್ಬ, ಇನ್ನೊಬ್ಬರಿಗೆ ಉಸಿರುಗಟ್ಟುವ ಜಾಗ. ನೀವು ಯಾರು ಅನ್ನುವುದು ಆ ಒಂದು ವಾರದಲ್ಲಿ ಗೊತ್ತಾಗುತ್ತದೆ. ಸಹಿ ಹಾಕಿದ ಮೇಲೆ ಗೊತ್ತಾದರೆ ಕಷ್ಟ, ಅಲ್ವಾ?

ಇನ್ನೊಂದು ಸೂಕ್ಷ್ಮ ಇದೆ. ಟೀಚ್ ಗ್ರ್ಯಾಂಟ್‌ನಲ್ಲಿ ನೀವು ಶಾಲೆಯಲ್ಲಿ ಕಲಿಸುವ ತರಗತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗಣಿತ, ವಿಜ್ಞಾನದಂಥ, ಟೀಚರ್‌ಗಳ ಕೊರತೆಯಿರುವ ವಿಷಯವೇ ಆಗಿರಬೇಕು. ಚಿಕ್ಕ ಶಾಲೆಯಲ್ಲಿ ಆಟ, ಸಮಾಜ ಅಂತ ಎಲ್ಲವನ್ನೂ ಹಚ್ಚಿಬಿಟ್ಟರೆ ಲೆಕ್ಕ ತಪ್ಪಬಹುದು. ವೇಳಾಪಟ್ಟಿ ಕೈಗೆ ಬಂದ ತಕ್ಷಣ ಎಣಿಸಿ ನೋಡಿ.

ದುಡ್ಡು ಎಷ್ಟು, ವರ್ಷ ಎಷ್ಟು

ನಾಯ್ಸ್‌ನಲ್ಲಿ ವರ್ಷಕ್ಕೆ ಕನಿಷ್ಠ 10,000 ಡಾಲರ್. ಕೆಲವು ಕಾಲೇಜುಗಳು ಇನ್ನೂ ಜಾಸ್ತಿ ಕೊಡುತ್ತವೆ, ಓದಿನ ಒಟ್ಟು ವೆಚ್ಚವನ್ನು ಮಾತ್ರ ದಾಟುವಂತಿಲ್ಲ. ಒಂದು ವರ್ಷ ದುಡ್ಡು ಪಡೆದರೆ ಎರಡು ವರ್ಷ ಕಲಿಸಬೇಕು. ಎರಡು ವರ್ಷ ಪಡೆದರೆ ನಾಲ್ಕು.

ಟೀಚ್ ಗ್ರ್ಯಾಂಟ್ ವರ್ಷಕ್ಕೆ 4,000 ಡಾಲರ್ ವರೆಗೆ. ಬಜೆಟ್ ಕಡಿತದಿಂದಾಗಿ ಕೈಗೆ ಬರುವುದು ಅದಕ್ಕಿಂತ ಸ್ವಲ್ಪ ಕಡಿಮೆ. ಡಿಗ್ರಿ ಓದಿಗೆ ಒಟ್ಟು 16,000 ಡಾಲರ್ ಮಿತಿ. ಇಲ್ಲಿ ಒಂದೇ ವರ್ಷ ಪಡೆದರೂ, ನಾಲ್ಕು ವರ್ಷ ಪಡೆದರೂ ಕಲಿಸಬೇಕಾದದ್ದು ನಾಲ್ಕು ವರ್ಷವೇ, ಅದನ್ನು ಓದು ಬಿಟ್ಟ ಅಥವಾ ಮುಗಿಸಿದ ಎಂಟು ವರ್ಷದೊಳಗೆ ಮಾಡಿ ಮುಗಿಸಬೇಕು. ಹಾಗಾಗಿ ಕೊನೆಯ ಒಂದು ವರ್ಷಕ್ಕೆ ಮಾತ್ರ ಇದನ್ನು ತೆಗೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ, ಹೇಗೂ ಹಳ್ಳಿಯಲ್ಲೇ ಇರುತ್ತೇನೆ ಅಂತ ಗಟ್ಟಿ ಮನಸ್ಸಿದ್ದರೆ ಬೇರೆ ಮಾತು.

ಮಾತು ತಪ್ಪಿದರೆ ಟೀಚ್ ಗ್ರ್ಯಾಂಟ್ ಬಡ್ಡಿಸಹಿತ ಸಾಲವಾಗುತ್ತದೆ, ಆ ಬಡ್ಡಿಯನ್ನು ದುಡ್ಡು ಕೈಗೆ ಬಂದ ದಿನದಿಂದಲೇ ಲೆಕ್ಕ ಹಾಕುತ್ತಾರೆ. ಎರಡನ್ನೂ ಒಟ್ಟಿಗೆ ಪಡೆಯುವ ಯೋಚನೆ ಇದ್ದರೆ, ಕಲಿಸಿದ ಅದೇ ವರ್ಷಗಳು ಎರಡಕ್ಕೂ ಸಲ್ಲುತ್ತವಾ ಅಂತ ಕಾಲೇಜಿನ ಫೈನಾನ್ಶಿಯಲ್ ಏಡ್ ಆಫೀಸಿನಲ್ಲಿ ಕೇಳಿ ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಬಾಯಿಮಾತು ಬೇಡ.

ಅರ್ಜಿ

ನಾಯ್ಸ್ ಹಣ ಕೊಡುವುದು ನ್ಯಾಷನಲ್ ಸೈನ್ಸ್ ಫೌಂಡೇಶನ್ ಅನ್ನುವ ಸರ್ಕಾರಿ ಸಂಸ್ಥೆ. ಆದರೆ ಅರ್ಜಿ ಅಲ್ಲಿಗೆ ಹಾಕುವುದಲ್ಲ. ಆ ಸಂಸ್ಥೆ ಕಾಲೇಜುಗಳಿಗೆ ಕೆಲವು ವರ್ಷಗಳ ಮಟ್ಟಿಗೆ ಹಣ ಕೊಡುತ್ತದೆ, ಕಾಲೇಜು ವಿದ್ಯಾರ್ಥಿಗಳನ್ನು ಆರಿಸುತ್ತದೆ. ಹೋದ ವರ್ಷ ಇದ್ದ ಕಾಲೇಜಿನಲ್ಲಿ ಈ ವರ್ಷ ಇಲ್ಲದಿರಬಹುದು. ಕಾಲೇಜು ಆರಿಸುವಾಗಲೇ ‘ನಾನು ಮೂರನೇ ವರ್ಷಕ್ಕೆ ಬರುವ ಹೊತ್ತಿಗೆ ನಿಮ್ಮಲ್ಲಿ ಈ ಹಣ ಇರುತ್ತದಾ’ ಅಂತ ನೇರವಾಗಿ ಕೇಳಿ.

ಅರ್ಜಿಯಲ್ಲಿ ಅಂಕಪಟ್ಟಿ, ಶಿಫಾರಸು ಪತ್ರ, ಎಸ್ಸೇ ಕೇಳುವುದು ಸಾಮಾನ್ಯ, ಕೆಲವೆಡೆ ಸಂದರ್ಶನವೂ ಇರುತ್ತದೆ. ಎಸ್ಸೇಯಲ್ಲಿ ‘ನನಗೆ ಮಕ್ಕಳೆಂದರೆ ಇಷ್ಟ’ ಅಂತ ಬರೆದರೆ ಅದು ನೂರು ಅರ್ಜಿಗಳ ನಡುವೆ ಕಳೆದುಹೋಗುತ್ತದೆ. ನೀವು ಕೂತು ಬಂದ ಆ ಒಂದು ವಾರದ ತರಗತಿಯ ಬಗ್ಗೆ ಬರೆಯಿರಿ. ಭಿನ್ನರಾಶಿಯಲ್ಲಿ ಯಾವ ಹುಡುಗ ಎಲ್ಲಿ ಸಿಕ್ಕಿಕೊಂಡ, ಅವನಿಗೆ ನೀವು ಏನು ಹೇಳಿ ನೋಡಿದಿರಿ, ಅದು ಯಾಕೆ ಕೆಲಸ ಮಾಡಲಿಲ್ಲ, ಎರಡನೇ ಸಲ ಏನು ಮಾಡಿದಿರಿ ಅಂತ ಬರೆದರೆ ಓದುವವರಿಗೆ ಒಬ್ಬ ಟೀಚರ್ ಕಾಣಿಸುತ್ತಾರೆ.

ಸಂದರ್ಶನಕ್ಕೆ ಹೋಗುವ ಮೊದಲು ಈ ಸ್ಕಾಲರ್‌ಶಿಪ್‌ಗೆ ಯಾರ ಹೆಸರಿದೆ ಅಂತಲೂ ತಿಳಿದಿರಲಿ. ರಾಬರ್ಟ್ ನಾಯ್ಸ್ ಇಂಟಿಗ್ರೇಟೆಡ್ ಸರ್ಕ್ಯೂಟ್, ಅಂದರೆ ಕಂಪ್ಯೂಟರ್ ಚಿಪ್, ರೂಪಿಸಿದವರಲ್ಲಿ ಒಬ್ಬರು, 1968ರಲ್ಲಿ ಇಂಟೆಲ್ ಕಟ್ಟಿದವರಲ್ಲೂ ಒಬ್ಬರು. ಬೆಳೆದದ್ದು ಅಯೋವಾದ ಗ್ರಿನೆಲ್ ಅನ್ನುವ ಸಣ್ಣ ಊರಲ್ಲಿ. ಟ್ರಾನ್ಸಿಸ್ಟರ್ ಆಗಷ್ಟೇ ಹುಟ್ಟಿದ್ದ ಕಾಲದಲ್ಲಿ ಅದರ ಪಾಠ ಅವರಿಗೆ ಸಿಕ್ಕಿದ್ದು ಅದೇ ಊರಿನ ಕಾಲೇಜಿನಲ್ಲಿ, ಗ್ರಾಂಟ್ ಗೇಲ್ ಅನ್ನುವ ಫಿಸಿಕ್ಸ್ ಮೇಷ್ಟ್ರಿಂದ. ಸಣ್ಣ ಊರಿಗೆ ಒಳ್ಳೆಯ ಮೇಷ್ಟ್ರು ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಕೊಡುವ ಉದಾಹರಣೆ ಇದೇ.

ಟೀಚ್ ಗ್ರ್ಯಾಂಟ್‌ನಲ್ಲಿ ಎಸ್ಸೇ ರಗಳೆ ಇಲ್ಲ. ಅದರಲ್ಲಿ ಸೇರಿರುವ ಕಾಲೇಜಿನಲ್ಲಿ ಓದುತ್ತಿದ್ದರೆ ಫಾಫ್ಸಾ ತುಂಬಿ, ಆನ್‌ಲೈನ್ ಕೌನ್ಸೆಲಿಂಗ್ ಮುಗಿಸಿ, ಪ್ರತಿ ವರ್ಷ ಕರಾರಿಗೆ ಸಹಿ ಹಾಕಬೇಕು.

ಕೆಲಸಕ್ಕೆ ಸೇರಿದ ಮೇಲೆ

ಟೀಚರ್ ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ನೆಬ್ರಾಸ್ಕದಲ್ಲಿ ಓದಿ ಮೊಂಟಾನಾದಲ್ಲಿ ಕಲಿಸುವುದಾದರೆ ಅಲ್ಲಿನ ನಿಯಮ ಮೊದಲೇ ನೋಡಿಕೊಳ್ಳಿ. ಸಾಧ್ಯವಾದರೆ ಎರಡು ವಿಷಯಕ್ಕೆ ಲೈಸೆನ್ಸ್ ಮಾಡಿಸಿ, ಉದಾಹರಣೆಗೆ ಗಣಿತ ಮತ್ತು ಫಿಸಿಕ್ಸ್. ಹಳ್ಳಿ ಶಾಲೆಯವರು ಹುಡುಕುವುದೇ ಇಂಥವರನ್ನು.

ಆಮೇಲೆ ಕಾಗದಪತ್ರ. ಟೀಚ್ ಗ್ರ್ಯಾಂಟ್‌ನ ಮೊದಲ ವರ್ಷಗಳಲ್ಲಿ, ಶಾಲೆಯಲ್ಲಿ ಪ್ರಾಮಾಣಿಕವಾಗಿ ಕಲಿಸುತ್ತಿದ್ದವರ ಗ್ರ್ಯಾಂಟ್ ಕೂಡ ವಾರ್ಷಿಕ ಫಾರಂ ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಸಾಲವಾಗಿ ಹೋಗುತ್ತಿತ್ತು. ಆ ಟೀಚರ್‌ಗಳು ದನಿ ಎತ್ತಿದ ಮೇಲೆ ಅದನ್ನು ಸರಿಪಡಿಸುವ ಕೆಲಸ ಶುರುವಾಯಿತು, 2021ರಿಂದ ನಿಯಮವೂ ಸಡಿಲವಾಗಿದೆ. ಆದರೂ ಪ್ರತಿ ಮೇ ತಿಂಗಳಲ್ಲಿ, ಶಾಲೆ ರಜೆಗೆ ಮುಚ್ಚುವ ಮೊದಲು, ಪ್ರಿನ್ಸಿಪಾಲರಿಂದ ಆ ವರ್ಷದ ಸೇವಾ ಪತ್ರಕ್ಕೆ ಸಹಿ ಹಾಕಿಸಿಕೊಂಡು ಒಂದು ಪ್ರತಿ ಮನೆಯಲ್ಲಿಡಿ. ಮುಂದಿನ ವರ್ಷ ಅದೇ ಪ್ರಿನ್ಸಿಪಾಲರು ಅಲ್ಲಿ ಇರುತ್ತಾರೆ ಅನ್ನುವ ಖಾತ್ರಿ ಇರುವುದಿಲ್ಲ.

ಕಾಲೇಜಿಗೆ ಬೇರೆ ಫೆಡರಲ್ ಸಾಲ ಮಾಡಿದ್ದರೆ ಈ ಪತ್ರಗಳನ್ನು ಐದು ವರ್ಷವಾದರೂ ಜೋಪಾನ ಮಾಡಿ. ಕಡಿಮೆ ಆದಾಯದವರ ಹೈಸ್ಕೂಲಿನಲ್ಲಿ ಐದು ವರ್ಷ ಬಿಡದೆ ಗಣಿತ ಅಥವಾ ವಿಜ್ಞಾನ ಕಲಿಸಿದ ಅರ್ಹ ಟೀಚರ್‌ಗೆ 17,500 ಡಾಲರ್ ವರೆಗೆ ಸಾಲ ಮನ್ನಾ ಮಾಡುವ ಇನ್ನೊಂದು ಯೋಜನೆ ಇದೆ, ಅದಕ್ಕೆ ಅರ್ಜಿ ಹಾಕುವಾಗಲೂ ಕೇಳುವುದು ನೀವು ಎಲ್ಲಿ, ಯಾವಾಗಿನಿಂದ, ಏನು ಕಲಿಸಿದಿರಿ ಅಂತಲೇ.