ಮೂರನೇ ಬಲೂನು ಖಾಲಿ

ಕಾರವಾರದಲ್ಲಿ ಕೂತು ಒಂದು ಸಣ್ಣ ಪತ್ರಿಕೆಗೆ ಕಾರ್ಟೂನು ಬರೆಯುತ್ತೇನೆ. ಶಾಂತಿಯ ಬಗ್ಗೆ ನಾನು ಬರೆದ ಮೊದಲ ಕಾರ್ಟೂನು ಪೂರ್ತಿ ಸೋತಿತ್ತು. ಎಲ್ಲೋ ಗಲಾಟೆಯಾಗಿ ಊರೆಲ್ಲ ಬಿಗುವಾಗಿದ್ದ ದಿನ. ಟೊಪ್ಪಿಯವನೊಬ್ಬ, ನಾಮದವನೊಬ್ಬ, ಇಬ್ಬರೂ ಅಪ್ಪಿಕೊಂಡಿದ್ದಾರೆ, ತಲೆ ಮೇಲೆ ಪಾರಿವಾಳ. ನನಗೇನೋ ಭಾರೀ ಖುಷಿ. ಮರುದಿನ ಪ್ಯಾಂಟು ಹೊಲಿಸಲು ಹೋದರೆ ಟೇಲರ್ ಭಾಯಿ ಪೇಪರು ಮುಂದಿಟ್ಟರು.

"ಇದ್ರಲ್ಲಿ ನಾನು ಯಾರು? ನಾನು ಟೊಪ್ಪಿ ಹಾಕೋದು ಶುಕ್ರವಾರ ಮಾತ್ರ. ಉಳಿದ ಆರು ದಿನ ಏನು ಮಾಡ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಬ್ಬರೂ ಅಪ್ಪಿಕೊಳ್ಳಲಿ ಅಂತ ಮೊದಲು ನಾನೇ ಅವರನ್ನು ಬೇರೆ ಮಾಡಿ ಇಟ್ಟಿದ್ದೆ, ಅಲ್ವಾ?

ಆಗ ನೆನಪಾದವರು ಫ್ರಾನ್ಸಿನ ಕಾರ್ಟೂನಿಸ್ಟ್ ಪ್ಲಾಂಟು. 1991ರಲ್ಲಿ ಟ್ಯುನಿಸ್‌ನಲ್ಲಿ ಅವರು ಪ್ಯಾಲೆಸ್ತೀನ್ ನಾಯಕ ಯಾಸರ್ ಅರಾಫತ್ ಮುಂದೆ ತಮ್ಮ ಚಿತ್ರ ಇಟ್ಟರು. ಅದರಲ್ಲಿದ್ದ ಇಸ್ರೇಲ್ ಬಾವುಟದ ಮೇಲೆ ಅರಾಫತ್ ತಾವೇ ನಕ್ಷತ್ರ ಬರೆದು ಸಹಿ ಹಾಕಿದರು. ಮರುವರ್ಷ ಇಸ್ರೇಲಿನ ನಾಯಕ ಶಿಮೋನ್ ಪೆರೆಸ್ ಅದೇ ಚಿತ್ರಕ್ಕೆ ಸಹಿ ಹಾಕಿದರು. ಎರಡೂ ಕಡೆಯವರ ನಡುವೆ ಓಸ್ಲೋ ಶಾಂತಿ ಒಪ್ಪಂದ ಆದದ್ದು 1993ರಲ್ಲಿ, ಅದಕ್ಕೂ ಆಮೇಲೆ. ಪ್ರವಾದಿ ಮುಹಮ್ಮದರ ಬಗ್ಗೆ ಡೆನ್ಮಾರ್ಕಿನ ಪತ್ರಿಕೆ ಹಾಕಿದ 12 ಚಿತ್ರಗಳಿಂದ ಗದ್ದಲ ಎದ್ದ ಮೇಲೆ, 2006ರಲ್ಲಿ ಆಗಿನ ವಿಶ್ವಸಂಸ್ಥೆ ಮುಖ್ಯಸ್ಥ ಕೋಫಿ ಅನ್ನಾನ್ ಜೊತೆ ಸೇರಿ 'ಕಾರ್ಟೂನಿಂಗ್ ಫಾರ್ ಪೀಸ್' ಅನ್ನೋ ಕಾರ್ಟೂನಿಸ್ಟರ ಸಂಸ್ಥೆ ಶುರು ಮಾಡಿದ್ದೂ ಪ್ಲಾಂಟು ಅವರೇ. ಸಂಸ್ಥೆ ದೊಡ್ಡದೇ. ಆದರೆ ನನಗೆ ಹಿಡಿಸಿದ್ದು ಪೆನ್ನನ್ನು ಎದುರಿಗಿದ್ದವರ ಕೈಗೇ ಕೊಟ್ಟ ಆ ಉಪಾಯ.

ನಾನೂ ಹಾಗೇ ಮಾಡಿದೆ. ಆಗಸ್ಟ್ ಮೊದಲ ವಾರ. ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿದಿದ್ದವು. ಮೀನು ಮಾರ್ಕೆಟ್ ಬರೆದೆ. ಬುಟ್ಟಿ ಮುಂದೆ ಮೀನು ಮಾರುವ ಹೆಂಗಸು (ನಮ್ಮಲ್ಲಿ 'ಬಾಯಿ' ಅಂತಾರೆ), ಎದುರಿಗೆ ಚೀಲ ಹಿಡಿದ ಇಬ್ಬರು ಗಿರಾಕಿಗಳು, ಹಿಂದೆ ಮೈಕ್ ಹಿಡಿದು ಕೂಗುವ ಪುಢಾರಿ. ಟೊಪ್ಪಿ, ನಾಮ, ಗಡ್ಡ ಯಾವುದೂ ಇಲ್ಲ. ಗಿರಾಕಿಗಳಿಗೆ ಎರಡು, ಪುಢಾರಿಗೆ ಒಂದು, ಮಾತಿನ ಬಲೂನು ಮೂರೂ ಖಾಲಿ. ಜೆರಾಕ್ಸ್ ತೆಗೆದು ಒಂದು ಬಲೂನು ಟೇಲರ್ ಭಾಯಿಗೆ, ಇನ್ನೊಂದು ಎದುರಿನ ಕಿರಾಣಿ ಅಂಗಡಿ ಮಾಮನಿಗೆ ಬಿಟ್ಟೆ. ಭಾಯಿ ಬರೆದರು: "ನೂರಕ್ಕೆ ಐದೇ ಬಂಗಡೆಯಾ?" ಮಾಮ ಅದನ್ನು ಓದಿ, ಕನ್ನಡಕ ಏರಿಸಿ, ಪಕ್ಕದಲ್ಲಿ ಗೀಚಿದರು: "ಅವರು ಹೇಳಿದ್ದು ಸರಿ ಬಾಯಿ. ನಂಗೆ ಆರು ಹಾಕು."

ನಾನೊಬ್ಬನೇ ಕೂತಿದ್ದರೆ ಇದು ಹೊಳೆಯುತ್ತಿರಲಿಲ್ಲ.

ಪುಢಾರಿಗೆ ಏನು ಮಾತು ಹಾಕೋಣ ಅಂತ ಸಂಪಾದಕರು ಕೇಳಿದರು. ಖಾಲಿ ಬಿಡಿ ಅಂದೆ. ನಮ್ಮ ಆರ್.ಕೆ. ಲಕ್ಷ್ಮಣರ ಕಾಮನ್ ಮ್ಯಾನ್ ಬಾಯಿ ಬಿಡದೆ ನಾಯಕರ ಮಾತು ಕೇಳುತ್ತಿದ್ದ. ನಾನು ಅದನ್ನೇ ತಿರುಗಿಸಿದೆ, ಅಷ್ಟೆ.

ಇನ್ನೊಂದು, ಪೆಟ್ಟು ತಿಂದು ಕಲಿತದ್ದು. ಚಿತ್ರದ ಕೆಳಗಿನ ಸಾಲನ್ನು ಕತ್ತರಿಸಿ ವಾಟ್ಸಾಪ್‌ನಲ್ಲಿ ಬಿಡುತ್ತಾರೆ. ಅರ್ಥ ಉಲ್ಟಾ ಆಗುತ್ತದೆ. ಹಾಗಾಗಿ ಈಗ ಮಾತೆಲ್ಲ ಚಿತ್ರದ ಒಳಗೇ, ಗೆರೆಗೆ ತಾಗಿಕೊಂಡೇ ಬರೆಯುತ್ತೇನೆ. ಕತ್ತರಿಸಿದರೆ ಮೀನೂ ಅದರ ಜೊತೆಗೇ ಹೋಗಬೇಕು.

ಆ ಕಾರ್ಟೂನನ್ನು ಭಾಯಿ ಹೊಲಿಗೆ ಮೆಷಿನ್ ಪಕ್ಕದ ಗೋಡೆಗೆ ಅಂಟಿಸಿದ್ದಾರೆ. ಮಾಮನದು ಮಾತ್ರ ಇವತ್ತಿಗೂ ಒಂದೇ ತಕರಾರು: "ಬಂಗಡೆ ಬೆನ್ನಿನ ಗೆರೆಯೇ ಹಾಕಲಿಲ್ಲ ನೀನು. ತಾರ್ಲೆ ತರ ಕಾಣ್ತದೆ."