ತೇರು ನಿಲ್ಲಿಸಿ ಎನ್ನುವವರು ಯಾರು?

ಗೃಹರಕ್ಷಕನಾಗಿ ಹಲವು ಜಾತ್ರೆಗಳ ಬಂದೋಬಸ್ತು ನೋಡಿದ್ದೇನೆ. ಆದರೆ 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಲ್ಲಿ 11 ಜನ ಪ್ರಾಣ ಕಳೆದುಕೊಂಡ ಮೇಲೆ, ಡ್ಯೂಟಿ ಪಟ್ಟಿ ಓದಿ ಎದ್ದುಹೋಗುವ ಸಭೆ ಸಾಲದು ಅನ್ನಿಸಿತು. ನಮ್ಮೂರ ತೇರಿಗೆ ಮೂರು ವಾರ ಮೊದಲು ಅಣಕು ಕಾರ್ಯಾಚರಣೆ ಮಾಡೋಣ ಎಂದು ಪೊಲೀಸರು, ದೇವಸ್ಥಾನದವರು, ಕಂದಾಯದವರನ್ನು ಕೇಳಿಕೊಂಡೆ, ಒಪ್ಪಿದರು.

ನೆಲದ ಮೇಲೆ ರಥಬೀದಿಯ ನಕ್ಷೆ ಬರೆದೆವು. ಜನಕ್ಕೆ ಹುಣಸೆಬೀಜ, ಆಂಬುಲೆನ್ಸಿಗೆ ಬೆಂಕಿಪೊಟ್ಟಣ. ನಾನು ಒಂದೊಂದೇ ಚೀಟಿ ಓದುತ್ತಿದ್ದೆ. ‘ಮಳೆ ಹನಿಯುತ್ತಿದೆ, ಜನ ಅಂಗಡಿ ಸೂರಿನ ಕಡೆ ನುಗ್ಗುತ್ತಿದ್ದಾರೆ.’ ಇದಕ್ಕೆ ಉತ್ತರ ಸಿಕ್ಕಿತು. ‘ತೇರಿನ ಮುಂದೆ 40 ಅಡಿ ದೂರದಲ್ಲಿ ಹೆಂಗಸೊಬ್ಬಳು ಬಿದ್ದಿದ್ದಾಳೆ’ ಎಂದಾಗ ಯಾರೂ ಮಾತಾಡಲಿಲ್ಲ. ಪೊಲೀಸರು ದೇವಸ್ಥಾನದವರ ಮುಖ ನೋಡಿದರು, ಅವರು ಕಂದಾಯದವರ ಮುಖ ನೋಡಿದರು. ಕೊನೆಗೆ ತೇರು ನಿಲ್ಲಿಸಲು ಗಾಲಿಗೆ ಮರದ ದಿಮ್ಮಿ ಕೊಡುವ ಹಿರಿಯರೊಬ್ಬರು ಬಾಯಿಬಿಟ್ಟರು: “ಸ್ವಾಮಿ, ತಮಟೆ ಸದ್ದಲ್ಲಿ ನಿಮ್ಮ ಸೀಟಿ ನಮಗೆ ಕೇಳ್ಸಲ್ಲ. ಕೆಂಪು ಬಾವುಟ ಎತ್ತಿ, ಯಾರನ್ನೂ ಕೇಳ್ದೆ ದಿಮ್ಮಿ ಕೊಡ್ತೀವಿ.” ಬಾವುಟ ಯಾರ ಕೈಯಲ್ಲಿ, ಅವರಿಲ್ಲದಿದ್ದರೆ ಇನ್ನಾರು ಎಂದು ಅಲ್ಲೇ ಬರೆದೆವು. ಆ ಹಿರಿಯರನ್ನು ಕರೆಯಬೇಕೆಂದು ನನಗೆ ಹೊಳೆದದ್ದೇ ಹಿಂದಿನ ರಾತ್ರಿ. ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆಮೇಲೆ ಬೀದಿಯಲ್ಲೇ ಅಭ್ಯಾಸ. ರಂಗೋಲಿ ಪುಡಿಯಲ್ಲಿ ಒಂದು ಚದರ ಮೀಟರ್ ಚೌಕ ಹಾಕಿ ನಮ್ಮ ಹುಡುಗರನ್ನು ನಿಲ್ಲಿಸಿದೆ. ನಾಲ್ವರಿದ್ದಾಗ ಸಲೀಸಾಗಿ ತಿರುಗಿದರು. ಆರಾದಾಗ ಕೈ ಎತ್ತಲು ತಿಣುಕಿದರು. ಏಳನೆಯವನು ಸೇರಿದ ಮೇಲೆ ಒಬ್ಬ ಅಲುಗಿದರೆ ಎಲ್ಲರೂ ವಾಲಿದರು. ಕಾಲ್ತುಳಿತ ಅನ್ನುತ್ತೇವೆ, ಆದರೆ ಇಂಥ ಒತ್ತಡದಲ್ಲಿ ಎದೆ ಹಿಗ್ಗಲು ಜಾಗವಿಲ್ಲದೆ, ನಿಂತಲ್ಲೇ ಉಸಿರುಗಟ್ಟಿ ಸಾಯುವವರಿದ್ದಾರೆ. ಮುಂದಿರುವವರನ್ನು ಗದರಿ ಪ್ರಯೋಜನವಿಲ್ಲ, ಹಿಂದಿನಿಂದ ಬರುವವರನ್ನು ತಡೆಯಬೇಕು. ನೂರು ಸಲ ಹೇಳಿದ್ದರೂ ಹುಡುಗರಿಗೆ ಇದು ಹತ್ತಿದ್ದು ಆ ಚೌಕದೊಳಗೆ ನಿಂತಾಗಲೇ.

ಸ್ಟ್ರೆಚರ್ ಹೊರತರುವಾಗ ಬ್ಯಾರಿಕೇಡಿಗೆ ತಂತಿ ಬಿಗಿದಿದ್ದು ಕಂಡಿತು. ಬಿಚ್ಚಲು ಇಕ್ಕಳ ಹುಡುಕಬೇಕಾಯಿತು. ತಂತಿ ತೆಗೆಸಿ, ಎಳೆದರೆ ಬಿಚ್ಚುವ ಹಗ್ಗದ ಗಂಟು ಹಾಕಿಸಿದೆ.

ತೇರಿನ ದಿನ ಬಾವುಟ ಒಮ್ಮೆ ಮೇಲೆದ್ದಿತು. ಹಗ್ಗ ಹಿಡಿದಿದ್ದ ಹುಡುಗನೊಬ್ಬ ಮುಗ್ಗರಿಸಿದ್ದ. ದಿಮ್ಮಿ ಬಿತ್ತು, ತೇರು ನಿಂತಿತು, ಅವನು ಎದ್ದು ಮತ್ತೆ ಹಗ್ಗ ಹಿಡಿದ. ಮುಂದಿನ ವರ್ಷಕ್ಕೆ ಒಂದು ಚೀಟಿ ಈಗಲೇ ಬರೆದಿಟ್ಟಿದ್ದೇನೆ: ‘ಕತ್ತಲಾಗಿದೆ, ಕರೆಂಟಿಲ್ಲ, ಬಾವುಟ ಕಾಣುತ್ತಿಲ್ಲ.’