ರಟ್ಟು, ಉಪ್ಪು ಕಾಗದ ಮತ್ತು ಬೆಲ್ಕಿಸ್ ಅಯೋನ್ ಅವರ ಕಪ್ಪು

ಪ್ರಿಂಟ್‌ಮೇಕಿಂಗ್, ಅಂದರೆ ಅಚ್ಚೊತ್ತಿ ಚಿತ್ರ ತೆಗೆಯುವ ಕೆಲಸ, ಮಾಡುವವರಿಗೆ ಒಂದು ಹುಚ್ಚು ಇರುತ್ತದೆ. ಯಾರ ಚಿತ್ರ ಎದುರಿಗೆ ಬಂದರೂ ಮೂಗು ತಾಗುವಷ್ಟು ಹತ್ತಿರ ಹೋಗಿ ‘ಇದನ್ನ ಹೇಗೆ ತೆಗೆದರು?’ ಅಂತ ಹುಡುಕುವುದು. ಮ್ಯಾಡ್ರಿಡ್‌ನ ರೈನಾ ಸೋಫಿಯಾ ಮ್ಯೂಸಿಯಂನಲ್ಲಿ ಕ್ಯೂಬಾದ ಕಲಾವಿದೆ ಬೆಲ್ಕಿಸ್ ಅಯೋನ್ ಅವರ ಪ್ರಿಂಟ್‌ಗಳ ಮುಂದೆ ನಾನು ಮಾಡಿದ್ದೂ ಅದನ್ನೇ. ಕಾವಲಿನವರು ಹಿಂದೆ ಸರಿಯಲು ಹೇಳುವ ತನಕ. ಬೆಲ್ಕಿಸ್ ಅವರ ಹೆಚ್ಚಿನ ಚಿತ್ರಗಳಲ್ಲಿ ಕಪ್ಪು, ಬಿಳಿ, ಬೂದು ಬಿಟ್ಟರೆ ಬೇರೆ ಬಣ್ಣವಿಲ್ಲ. ಆದರೆ ಆ ಕಪ್ಪಿನೊಳಗೇ ಎಷ್ಟೊಂದು ಕಪ್ಪುಗಳಿವೆ! ಒಂದು ಹೊಳೆಯುತ್ತದೆ, ಇನ್ನೊಂದು ಬೆಳಕನ್ನೆಲ್ಲ ನುಂಗಿಬಿಡುತ್ತದೆ. ಮೀನಿನ ಹುರುಪೆಯಂಥ ವಿನ್ಯಾಸವಂತೂ ಕಾಗದದಲ್ಲೇ ಉಬ್ಬಿ ನಿಂತಿದೆ.

ಬೆಲ್ಕಿಸ್ ಹುಟ್ಟಿದ್ದು 1967ರಲ್ಲಿ, ಕ್ಯೂಬಾದ ಹವಾನಾದಲ್ಲಿ. ಓದಿದ್ದು, ಆಮೇಲೆ ಪಾಠ ಹೇಳಿದ್ದೂ ಅದೇ ಊರಲ್ಲಿ. 1999ರಲ್ಲಿ, 32ನೇ ವಯಸ್ಸಿಗೆ, ತಾವೇ ಜೀವ ಕಳೆದುಕೊಂಡರು. ವಿದ್ಯಾರ್ಥಿಯಾಗಿದ್ದಾಗಲೇ ಹಿಡಿದ ಒಂದು ಕಥೆಯನ್ನು ಕೊನೆಯವರೆಗೂ ಬಿಡಲಿಲ್ಲ. ಅದು ಅಬಕುವಾ ಅನ್ನುವ ಗುಪ್ತ ಸಂಘದ ಕಥೆ. ಈಗಿನ ನೈಜೀರಿಯಾ–ಕ್ಯಾಮರೂನ್ ಗಡಿಯ ಕಡೆಯಿಂದ ಗುಲಾಮರಾಗಿ ಬಂದವರು 19ನೇ ಶತಮಾನದಲ್ಲಿ ಕ್ಯೂಬಾದಲ್ಲಿ ಕಟ್ಟಿದ ಸಂಘ ಇದು. ಗಂಡಸರಿಗೆ ಮಾತ್ರ ಪ್ರವೇಶ. ಆದರೆ ಅದರ ಮೂಲದಲ್ಲಿರುವವಳು ಒಬ್ಬ ಹೆಣ್ಣುಮಗಳು, ಸಿಕಾನ್. ನೀರಿಗೆ ಹೋದಾಗ ಅವಳ ಪಾತ್ರೆಯೊಳಗೆ ತಾನ್ಸೆ ಎಂಬ ಪವಿತ್ರ ಮೀನು ಬಂದು ಸೇರುತ್ತದೆ. ಅದರ ಧ್ವನಿಯ ಗುಟ್ಟು ಅವಳಿಗೆ ತಿಳಿಯುತ್ತದೆ. ಗುಟ್ಟು ಹೊರಗೆ ಹೇಳಿದಳು ಅಂತ ಅವಳನ್ನು ಬಲಿ ಕೊಡುತ್ತಾರೆ. ಬೆಲ್ಕಿಸ್ ಈ ಸಿಕಾನ್‌ಗೆ ತಮ್ಮ ಮೈಯನ್ನೇ ಮಾದರಿಯಾಗಿ ಕೊಟ್ಟರು.

ಸಂಘದ ಒಳಗೆ ಹೋಗಲಾಗದ ಹೆಂಗಸಿಗೆ ಇದೆಲ್ಲ ತಿಳಿದದ್ದು ಹೇಗೆ? ಬಹಳಷ್ಟು ಪುಸ್ತಕದಿಂದ. ಅದರಲ್ಲೂ ಲಿಡಿಯಾ ಕಬ್ರೇರಾ ಅವರ ಬರಹದಿಂದ. ಕಬ್ರೇರಾ (1899–1991) ಕೂಡ ಹವಾನಾದವರೇ, ಅನುಕೂಲಸ್ಥ ಬಿಳಿಯರ ಮನೆಯ ಮಗಳು. ಚಿತ್ರಕಲೆ ಕಲಿಯಲು ಪ್ಯಾರಿಸ್‌ಗೆ ಹೋದರು. ಕೊನೆಗೆ ಹೆಸರು ಮಾಡಿದ್ದು ಬರಹಗಾರ್ತಿಯಾಗಿ. ಆಫ್ರಿಕನ್ ಮೂಲದ ಹಿರಿಯರ ಜೊತೆ ಕೂತು, ಅವರು ಹೇಳಿದ ಕಥೆ, ಮೂಲಿಕೆ, ಆಚರಣೆಗಳನ್ನೆಲ್ಲ ವರ್ಷಗಟ್ಟಲೆ ಬರೆದುಕೊಂಡರು. ಅಬಕುವಾ ಬಗ್ಗೆ ಅವರ ಪುಸ್ತಕ ಬಂದದ್ದು 1959ರಲ್ಲಿ. ಮರುವರ್ಷವೇ ದೇಶ ಬಿಟ್ಟರು. ಉಳಿದ ಆಯುಷ್ಯ ಹೆಚ್ಚಾಗಿ ಮಯಾಮಿಯಲ್ಲೇ ಕಳೆಯಿತು. ಅವರು ಬಿಟ್ಟುಹೋದ ಊರಲ್ಲಿ ಕೂತು ಒಬ್ಬ ಕಪ್ಪು ಹುಡುಗಿ ಅವರ ಪುಸ್ತಕ ಓದಿ ಸಿಕಾನ್‌ಗೆ ಮುಖ ಕೊಟ್ಟಳು. ಇದು ನನಗೆ ಈಗಲೂ ಸೋಜಿಗ.

ಇನ್ನು ನನ್ನ ಕೆಲಸಕ್ಕೆ ಬರುತ್ತೇನೆ.

ಬೆಲ್ಕಿಸ್ ಬಳಸಿದ್ದು ಕೊಲೊಗ್ರಫಿ. ತಾಮ್ರದ ತಗಡು, ಆಸಿಡ್ ಏನೂ ಬೇಡ. ರಟ್ಟಿನ ಮೇಲೆ ಬೇರೆ ಬೇರೆ ವಸ್ತು ಅಂಟಿಸಿ, ಇಂಕ್ ತಿಕ್ಕಿ, ಒರೆಸಿ, ಮೇಲೆ ಒದ್ದೆ ಕಾಗದ ಇಟ್ಟು ಪ್ರೆಸ್ಸಿನಲ್ಲಿ ಹಾಯಿಸುವುದು. 1991ರಲ್ಲಿ ಸೋವಿಯತ್ ಒಕ್ಕೂಟ ಬಿದ್ದಮೇಲೆ ಕ್ಯೂಬಾದಲ್ಲಿ ಊಟ, ಪೆಟ್ರೋಲ್, ಕರೆಂಟ್ ಎಲ್ಲದಕ್ಕೂ ತತ್ವಾರ. ರಟ್ಟು ಮಾತ್ರ ಹೇಗೋ ಸಿಗುತ್ತಿತ್ತು. ಹಾಗಂತ ‘ಬಡತನದ ಕಲೆ’ ಅಂತ ಅದಕ್ಕೆ ಹಣೆಪಟ್ಟಿ ಹಚ್ಚುವುದು ನನಗೆ ಸರಿ ಕಾಣುವುದಿಲ್ಲ. ಅದಕ್ಕೂ ಮೊದಲೇ ಅವರು ಈ ವಿಧಾನ ಹಿಡಿದಿದ್ದರು. ಅವರಿಗೆ ಬೇಕಾದ ಕಪ್ಪು ಇದರಲ್ಲೇ ಸಿಗುತ್ತಿತ್ತು, ಅಷ್ಟೇ.

ಇದೇ ವಿಧಾನದಲ್ಲಿ ಚಿತ್ರ ಮಾಡಲು ನಾನು ಆರಿಸಿಕೊಂಡದ್ದು ನಮ್ಮ ‘ಕೆರೆಗೆ ಹಾರ’ದ ಭಾಗೀರಥಿಯನ್ನು. ನೀರಿಗಾಗಿ ಬಲಿಯಾದ ಹೆಣ್ಣು ನಮ್ಮಲ್ಲೂ ಇದ್ದಾಳಲ್ವಾ, ಸಿಕಾನ್ ಹೆಸರು ಸುಮ್ನೆ ಎರವಲು ಯಾಕೆ ತರಬೇಕು? ಬಟ್ಟಲು ತರಲು ಹೋದವಳು ಮೆಟ್ಟಿಲು ಏರಿದ ಹಾಗೆಲ್ಲ ನೀರೂ ಬೆನ್ನಿಗೇ ಏರುತ್ತದೆ. ಬೆಲ್ಕಿಸ್ ಹಲವು ಹಾಳೆಗಳನ್ನು ಕೂಡಿಸಿ ಆಳೆತ್ತರದ ಚಿತ್ರ ಮಾಡುತ್ತಿದ್ದರು. ಅದನ್ನು ನೋಡಿಯೇ ನಾನು ಮೂರು ರಟ್ಟುಗಳನ್ನು ಒಂದರ ಮೇಲೊಂದು ಬರುವಂತೆ ಯೋಚಿಸಿದ್ದು. ಕೆಳಗೆ ಪಾದ, ನಡುವೆ ಸೊಂಟ, ಮೇಲೆ ಮುಖ.

ಕೊಲೊಗ್ರಫಿಯಲ್ಲಿ ಒರಟು ಜಾಗ ಇಂಕ್ ಹಿಡಿಯುತ್ತದೆ, ನುಣುಪು ಜಾಗ ಬಿಟ್ಟುಕೊಡುತ್ತದೆ. ಅಂದರೆ ಬೂದು ಎಷ್ಟಿರಬೇಕು ಅನ್ನುವುದು ಇಂಕ್ ಡಬ್ಬಿ ತೆರೆಯುವ ಮೊದಲೇ ತೀರ್ಮಾನ ಆಗಿರಬೇಕು. ಹೊಸ ಉಪ್ಪು ಕಾಗದ ಅಂಟಿಸಿದರೆ ಗಾಢ ಕಪ್ಪು ಬರುತ್ತದೆ. ಉಜ್ಜಿ ಸವೆದದ್ದಾದರೆ ಬೂದು. ಅದಕ್ಕೇ ನಮ್ಮ ಬೀದಿಯ ಬಡಗಿಯ ಹತ್ತಿರ ಹೋಗಿ ಬಳಸಿ ಬಿಸಾಡಿದ ಚೂರುಗಳನ್ನು ಕೇಳಿದೆ. ‘ಮೇಡಂ, ಹೊಸದೇ ಕೊಡ್ತೀನಿ, ಇದ್ಯಾಕೆ?’ ಅಂದರು. ಸವೆತ ನೋಡಿ ವಿಂಗಡಿಸಿದೆ. ಬೂದಿನ ಒಂದು ಮೆಟ್ಟಿಲುಸಾಲೇ ಸಿಕ್ಕಿತು! ನೀರಿಗೆ ಅದೂ ಸಾಲಲಿಲ್ಲ. ಫೆವಿಕಾಲ್‌ಗೆ ಕಾರ್ಬೊರಂಡಮ್ (ಉಜ್ಜಲು ಬಳಸುವ ಗಟ್ಟಿ, ಒರಟು ಪುಡಿ) ಕಲಸಿ ಬ್ರಷ್‌ನಲ್ಲಿ ಎಳೆದೆ. ಒಣಗಿದ ಮೇಲೆ ಬೆರಳಿಟ್ಟರೆ ಚರ್ಮ ತರಚುವಷ್ಟು ಒರಟು. ಬೆಳಕು ನುಂಗುವ ಕಪ್ಪು ಬರುವುದು ಅಲ್ಲಿಂದ.

ಭಾಗೀರಥಿಯ ಮೈಯನ್ನು ನುಣುಪಾಗಿ ಬಿಟ್ಟೆ. ಬೆಲ್ಕಿಸ್ ಅವರ ಸಿಕಾನ್ ಕೂಡ ಎಷ್ಟೋ ಚಿತ್ರಗಳಲ್ಲಿ ಬೆಳ್ಳಗೇ ಇದ್ದಾಳೆ. ಸೀರೆಯ ಅಂಚಿಗೆ ತೆಳು ಕಾಗದದ ಸಣ್ಣ ಸಣ್ಣ ತ್ರಿಕೋನ ಕತ್ತರಿಸಿ ಅಂಟಿಸಿದೆ. ಪ್ರತಿ ಚೂರಿನ ಅಂಚಿಗೂ ಇಂಕ್ ನಿಂತು ಒಂದು ಕಪ್ಪು ಗೆರೆ ತಾನಾಗಿ ಬರುತ್ತದೆ. ಪೆನ್ನಿನಲ್ಲಿ ಎಳೆದರೆ ಆ ಗೆರೆ ಬರೋದೇ ಇಲ್ಲ. ಅಂಟಿಸಿದ್ದೆಲ್ಲ ಸೇರಿ ದಪ್ಪ ಜಾಸ್ತಿಯಾದರೆ ಒದ್ದೆ ಕಾಗದ ಹರಿಯುತ್ತದೆ. ಹಾಗಾಗಿ ಕೆಲವು ಕಡೆ ಅಂಟಿಸುವ ಬದಲು ರಟ್ಟಿನ ಪದರವನ್ನೇ ಬ್ಲೇಡಿನಿಂದ ಸುಲಿದೆ. ಕೊನೆಗೆ ಎರಡೂ ಬದಿಗೆ ವಾರ್ನಿಶ್ ಬಳಿದೆ. ಇಲ್ಲದಿದ್ದರೆ ರಟ್ಟು ಇಂಕನ್ನೆಲ್ಲ ಕುಡಿದು ಕೂರುತ್ತದೆ.

ಮುಖದ ವಿಷಯಕ್ಕೆ ಬಂದಾಗ ಕೈ ನಿಂತಿತು. ಬೆಲ್ಕಿಸ್ ಅವರ ಮನುಷ್ಯರಿಗೆ ಕಣ್ಣು ಮಾತ್ರ, ಬಾಯಿ ಇಲ್ಲ. ಗುಟ್ಟು ಹೇಳಿ ಸತ್ತವಳ ಕಥೆಗೆ ಅದು ಸರಿಯೇ. ಭಾಗೀರಥಿ ಹಾಗಲ್ಲ. ಅವಳು ತವರಿಗೆ ಹೋಗುತ್ತಾಳೆ, ಅಳುತ್ತಾಳೆ. ತವರಿನವರು ಕೇಳಿದಾಗ ನಿಜ ಹೇಳದೆ ಬೇರೇನೋ ಕಾರಣ ಕೊಡುತ್ತಾಳೆ. ಬಾಯಿ ಇದೆ, ಬಳಸುವುದು ಬೇರೆಯದಕ್ಕೆ. ಹಾಗಾಗಿ ನಾನು ಬಾಯಿ ಇಟ್ಟೆ, ಮುಚ್ಚಿದ ಬಾಯಿ. ಮೂರು ಎಳೆ ದಾರ ಅಂಟಿಸಿ ಮಾಡಿದ್ದು. ನೋಡಿದ ಗೆಳತಿಯೊಬ್ಬಳು ‘ಇದು ಬೆಲ್ಕಿಸ್ ಥರ ಕಾಣ್ತಿಲ್ಲ’ ಅಂದಳು. ಕಾಣಬಾರದು ಅಂತಲೇ ಮಾಡಿದ್ದು.

ಮೂರು ರಟ್ಟಿಗೂ ಒಂದೇ ಸಲ, ಒಂದೇ ಕಲಸಿನ ಇಂಕ್ ಹಾಕಬೇಕು. ಬೇರೆ ಬೇರೆ ದಿನ ತೆಗೆದರೆ ಕೂಡಿಸಿದಾಗ ನೀರಿನ ಕಪ್ಪು ಹೊಂದುವುದಿಲ್ಲ. ಗಂಜಿ ಹಾಕಿದ ತೆಳು ಬಟ್ಟೆಯಿಂದ ಸುತ್ತಿ ಸುತ್ತಿ ಒರೆಸಿ, ಬಿಳಿ ಬೇಕಾದ ಕಡೆ ಅಂಗೈಯಿಂದ ಸವರುತ್ತೇನೆ. ಪ್ರೆಸ್ಸಿನ ಚಕ್ರ ನಿಧಾನವಾಗಿ, ನಡುವೆ ನಿಲ್ಲಿಸದೆ ತಿರುಗಿಸಬೇಕು. ನಿಲ್ಲಿಸಿದ ಕಡೆ ಅಡ್ಡಗೆರೆ ಬೀಳುತ್ತದೆ.

ರಟ್ಟಿಗೆ ಆಯುಷ್ಯ ಕಡಿಮೆ. ಹಾಯಿಸಿದಷ್ಟೂ ಚಪ್ಪಟೆಯಾಗುತ್ತಾ ಬರುತ್ತದೆ, ಕಪ್ಪು ಬೂದಿನ ಕಡೆ ಜಾರುತ್ತದೆ. ನಡುವಿನ ರಟ್ಟು ಈಗಾಗಲೇ ಮೆತ್ತಗಾಗಿದೆ. ಅದಕ್ಕೆ ಇನ್ನೊಂದು ಕೈ ಕಾರ್ಬೊರಂಡಮ್ ಬಳಿಯಬೇಕು. ಬಳಿದರೆ ಅದು ಬೇರೆಯೇ ಚಿತ್ರ ಆಗುತ್ತದೆ. ಆದ್ದರಿಂದ ಮೊದಲಿನ ಚಿತ್ರದ ಪ್ರತಿಗಳಿಗೆ ಒಂದೊಂದಾಗಿ ಹಾಕುತ್ತಿದ್ದ ನಂಬರ್ ಅಲ್ಲಿಗೇ ನಿಲ್ಲಿಸಿದ್ದೇನೆ.